ಬ್ರಿಗೇಡಿಯರ್ ಶುಕ್ರಿ ಬನ್ಹಾವಿಯವರ ಸಂಬಂಧಿಕರು

ಕೈರೊ
ಫೆಬ್ರವರಿ 2, 2025

ಪ್ರೀತಿಯ ಇನ್ಶಿರಾ ಅಕ್ಕನಿಗೆ,

ಕ್ಷೇಮವಾಗಿ ತಲುಪಿದೆ. ಬಸ್ಸಿನಲ್ಲಿ ಪಕ್ಕದವನು ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ಎಬ್ಬಿಸಲು ಮನಸ್ಸಾಗಲಿಲ್ಲ. ಸಾವಿನ ಮನೆಯಿಂದ ಹೊರಟವನಿಗೆ ಯಾರಾದರೂ ಒರಗಿಕೊಂಡರೂ ಸಾಕು ಅನ್ನಿಸುತ್ತದೆ.

ನೀನು ಕಿವಿಗೆ ಯಂತ್ರ ಹಾಕಿಸಿಕೊಳ್ಳುವುದಿಲ್ಲ. ಫೋನಿನಲ್ಲಿ ನಾನು ಕಿರುಚಿದರೆ ನಿನ್ನೊಬ್ಬಳನ್ನು ಬಿಟ್ಟು ನಮ್ಮ ಇಡೀ ಬೀದಿಗೆ ಕೇಳಿಸುತ್ತದೆ. ಹಾಗಾಗಿ ಈ ಕಾಗದ. ಹಿಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡ. ನೀನು ಶಾಲೆಯಿಂದ ನಿವೃತ್ತಳಾಗಿದ್ದೀಯ, ಅಕ್ಕನ ಕೆಲಸ ಮಾತ್ರ ಮಾಡು.

ರುಶ್ದಿ ಭಾವನ ಮರಣ ಪ್ರಕಟಣೆ ನಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ನೋಡಿರುತ್ತೀ. ನಾನಿನ್ನೂ ನೋಡಿಲ್ಲ, ಅಚ್ಚಿಗೆ ಕೊಟ್ಟವನೇ ಬಸ್ಸಿಗೆ ಓಡಿದೆ. ಯಾವ ಡಾಕ್ಟರು ಯಾವ ಎಂಜಿನಿಯರಿಗಿಂತ ಮೊದಲು ಬರಬೇಕು, ಮಾತು ಬಿಟ್ಟ ತಮ್ಮನನ್ನು ಯಾವ ಸಾಲಿನಲ್ಲಿ ಕೂರಿಸಬೇಕು, ಇದನ್ನೆಲ್ಲ ನನ್ನಷ್ಟು ಬಲ್ಲವರು ಈ ಊರಿನಲ್ಲಿಲ್ಲ. ಮನುಷ್ಯನಿಗೆ ಎಂತೆಂಥ ಸಂಬಂಧಿಕರಿದ್ದರು ಎಂದು ತಿಳಿಯುವುದೇ ನಮ್ಮಲ್ಲಿ ಅವನು ಸತ್ತ ಮರುದಿನ ಬೆಳಿಗ್ಗೆ, ನನ್ನ ಪುಟದಲ್ಲಿ.

ಕಚೇರಿಗೆ ಈಗ ಕೃತಕ ಬುದ್ಧಿಮತ್ತೆ ಬಂದಿದೆ. ನಾವೆಲ್ಲ ಅದನ್ನು ಉಸ್ತಾದ್ ಎನ್ನುತ್ತೇವೆ. ಹೆಸರುಗಳನ್ನು ಕೊಟ್ಟರೆ ಟೀ ಆರುವಷ್ಟರಲ್ಲಿ ಪ್ರಕಟಣೆ ಸಿದ್ಧ. ಮೊನ್ನೆ ಒಬ್ಬ ಟ್ಯಾಕ್ಸಿ ಚಾಲಕ ಬಂದಿದ್ದ. ತಾಯಿಯ ಬಗ್ಗೆ ಅವನಿಗೆ ಎರಡು ಮಾತು ಹೊರಡಲಿಲ್ಲ. ಉಸ್ತಾದ್ ಬರೆದುಕೊಟ್ಟದ್ದನ್ನು ಕೇಳಿ ಮೇಜಿಗೆ ತಲೆಯಿಟ್ಟು ಅತ್ತ, 'ನಮ್ಮವ್ವ ಹಿಂಗೇ ಇದ್ಲು ಸಾರ್' ಅಂದ. ಮಧ್ಯಾಹ್ನ ಒಬ್ಬ ದೊಡ್ಡ ವಕೀಲರು ಬಂದರು. ಅವರ ತಾಯಿಗೂ ಉಸ್ತಾದ್‌ನಿಂದ ಅದೇ ನಗು, ಅದೇ ಬೆಳಕು, ಅದೇ ತೆರೆದ ಬಾಗಿಲು ಬಂದಿತು. ಅವರೂ ಅತ್ತರು. ಒಳ್ಳೆಯದೋ ಕೆಟ್ಟದೋ ನನಗೆ ತಿಳಿಯುತ್ತಿಲ್ಲ. ಭಾವನ ಪ್ರಕಟಣೆಗೆ ಮಾತ್ರ ಅದರ ಕೈ ಸೋಕಿಸಲಿಲ್ಲ, ನಾನೇ ಕೂತು ಬರೆದೆ.

ಅಂದಹಾಗೆ ನಿಮ್ಮೂರಿನ ಜನಕ್ಕೇನಾಗಿದೆ? ಸಂತಾಪದ ಶಾಮಿಯಾನದಲ್ಲಿ ಹಲವರು ನನ್ನ ಕೈ ಕುಲುಕುತ್ತ 'ಬ್ರಿಗೇಡಿಯರ್ ಸಾಹೇಬ್ರು ಎಲ್ಲಿ?' ಎಂದು ಕೇಳಿದರು. ಯಾರದೋ ಬೇರೆ ಸಾವಿಗೆ ಬಂದವರಿರಬೇಕೆಂದು ಪಕ್ಕದ ಬೀದಿಗೆ ಕಳಿಸಿಕೊಟ್ಟೆ.

ನಿನ್ನ ತಮ್ಮ,
ವಗ್ದಿ


ದಮಿಯೆತ್ತಾ
ಫೆಬ್ರವರಿ 11, 2025

ವಗ್ದಿ,

ಪಕ್ಕದ ಬೀದಿಗೆ ಕಳಿಸಿದೆ ಎಂದು ಎಷ್ಟು ಮುಗ್ಧನಂತೆ ಬರೆದಿದ್ದೀ. ನಿನಗೆ ಇಷ್ಟು ನಾಟಕ ಬರುತ್ತದೆಂದು ಗೊತ್ತಿದ್ದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ನಿನಗೆ ಮರದ ಪಾತ್ರ ಕೊಡಿಸುತ್ತಿರಲಿಲ್ಲ.

ಪ್ರಕಟಣೆಯನ್ನು ಎಷ್ಟು ಸಲ ಓದಿದೆನೋ. 'ಶ್ರೀಮತಿ ಇನ್ಶಿರಾ ಬನ್ಹಾವಿಯವರ ಪತಿ, ಔಷಧ ತಜ್ಞೆ ನಿಹಾಲ್‌ರ ತಂದೆ, ನಿವೃತ್ತ ಬ್ರಿಗೇಡಿಯರ್ ಶುಕ್ರಿ ಬನ್ಹಾವಿಯವರ ಭಾವ.' ನನಗಿರುವುದು ಒಬ್ಬನೇ ತಮ್ಮ. ಅವನು ಬ್ರಿಗೇಡಿಯರ್ ಅಲ್ಲ, ಶುಕ್ರಿಯೂ ಅಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ನಿನ್ನ ಹೆಸರಿಗಾಗಿ ಹುಡುಕಿದೆ, ಎಲ್ಲಿಯೂ ಇಲ್ಲ. ಆಗ ಅರ್ಥವಾಯಿತು. ನಿಹಾಲ್‌ಗೆ ಅಪ್ಪ ಇಲ್ಲವಾದ. ಗಂಡು ನೋಡುವ ಕಾಲದಲ್ಲಿ ಬೆನ್ನ ಹಿಂದೆ ಒಬ್ಬ ದೊಡ್ಡ ಮನುಷ್ಯ ಬೇಕು. ಅದಕ್ಕೆ ನಿನ್ನ ಜಾಗವನ್ನೇ ಖಾಲಿ ಮಾಡಿ ಅಲ್ಲಿ ಒಬ್ಬ ಬ್ರಿಗೇಡಿಯರನ್ನು ತಂದು ಕೂರಿಸಿದ್ದೀ.

ಸುಳ್ಳು ತಪ್ಪು, ವ್ಯಾಕರಣದ ತಪ್ಪಿಗಿಂತಲೂ ದೊಡ್ಡದು. ಆದರೆ ಇಷ್ಟು ವರ್ಷ ನೀನು ನನಗೆ ಬರೆದದ್ದೆಲ್ಲ 'ಕ್ಷೇಮ, ನೀನೂ ಕ್ಷೇಮವೆಂದು ನಂಬುವೆ' ಎಂಬ ಕಾಗದಗಳು. ಊರಿನವರ ಸಾವಿಗೆ ಅಂಕಣಗಟ್ಟಲೆ ಬರೆಯುವವನು ಅಕ್ಕನಿಗೆ ತಂತಿ ಕಳಿಸಿದಂತೆ ಬರೆಯುತ್ತಾನಲ್ಲ ಎಂದು ರುಶ್ದಿಯ ಹತ್ತಿರ ಎಷ್ಟು ಅಂದಿದ್ದೆ. ಅದೆಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಕಾಗದವನ್ನು ತಿದ್ದಿಲ್ಲ ನೋಡು.

ಇನ್ಶಿರಾ


ಕೈರೊ
ಫೆಬ್ರವರಿ 20, 2025

ಅಕ್ಕ,

ಪತ್ರಿಕೆಯನ್ನು ಹಳೆಯ ಕಟ್ಟಿನಿಂದ ತೆಗೆದು ನೋಡಿದೆ. ನೀನು ಬರೆದಂತೆಯೇ ಇದೆ.

ಇದರ ಬಗ್ಗೆ ವಿವರವಾಗಿ ಬರೆಯಬೇಕೆಂದು ಕೂತವನು ಮೂರು ಹಾಳೆ ಹರಿದೆ. ಸದ್ಯಕ್ಕೆ ಇಷ್ಟು ಸಾಕು: ನೀನು ಅಂದುಕೊಂಡಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆ ಬ್ರಿಗೇಡಿಯರರ ಮಾತನ್ನು ಹೆಚ್ಚು ಜನರ ಮುಂದೆ ಎತ್ತಬೇಡ. ದೊಡ್ಡವರು, ಪ್ರಚಾರ ಇಷ್ಟಪಡುವವರಲ್ಲ.

ನನ್ನ ಕಾಗದ ತಿದ್ದದೆ ಇಟ್ಟುಕೊಂಡದ್ದಕ್ಕೆ ಕೃತಜ್ಞ. ನಿನ್ನದನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ವಗ್ದಿ


ದಮಿಯೆತ್ತಾ
ಏಪ್ರಿಲ್ 14, 2025

ನನ್ನ ಮುದ್ದು ತಮ್ಮನಿಗೆ,

ರಂಜಾನ್ ಹಬ್ಬದ ಮರುವಾರ ಹಾಜಿ ಬದರಾನ್ ಮನೆಗೆ ಬಂದಿದ್ದರು. ಸೋಫಾ, ಮಂಚ ಮಾಡುವ ದೊಡ್ಡ ಕಾರ್ಖಾನೆಯವರು. ನಮ್ಮ ಕುರ್ಚಿಯ ಮೇಲೆ ಕೂರುವ ಮೊದಲು ಅದನ್ನು ತಲೆಕೆಳಗು ಮಾಡಿ ಕೀಲು ನೋಡಿದರು. ಮಗ ಹಾತಿಮ್‌ಗೆ ನಿಹಾಲ್‌ಳನ್ನು ಕೇಳಲು ಬಂದದ್ದು. ಹುಡುಗನೂ ಇವಳೂ ಔಷಧದಂಗಡಿಯಲ್ಲಿ ಒಬ್ಬರನ್ನೊಬ್ಬರು ಬಹಳ ದಿನದಿಂದ ಬಲ್ಲರು. ಆ ಹುಡುಗನಿಗೆ ಬರಬಾರದಷ್ಟು ನೆಗಡಿ ಬರುತ್ತಿತ್ತಂತೆ.

ಸ್ವಲ್ಪ ದಿನದ ಹಿಂದೆ ಹಾಜಿ ಈ ಸಂಬಂಧಕ್ಕೆ ಒಪ್ಪಿರಲಿಲ್ಲ, ಅಪ್ಪನಿಲ್ಲದ ಮನೆ ಅಂತ. ಆ ಪ್ರಕಟಣೆಯ ಸುದ್ದಿ ಕಿವಿಗೆ ಬಿದ್ದು ಈಗ ತಾವಾಗಿಯೇ ಬಂದರು. ಟೀಗೆ ಸಕ್ಕರೆ ಕಲಸುತ್ತ ಹೇಳುತ್ತಾರೆ: 'ಟೀಚರಮ್ಮಾ, ಹುಡುಗಿ ಮಾವ ನಂಗೆ ಹೊಸಬ್ರೇನಲ್ಲ. ಶುಕ್ರಿ ಸಾಹೇಬ್ರು ಮತ್ತೆ ನಾನು ಇಸ್ಮಾಯಿಲಿಯಾದಲ್ಲಿ ಒಟ್ಟಿಗೆ ಟೀ ಕುಡ್ದೋರು. ಎಂಥ ಮನುಷ್ಯ.'

ವಗ್ದಿ, ಇಲ್ಲದ ಮನುಷ್ಯನ ಜೊತೆ ಇವರು ಟೀ ಕುಡಿದದ್ದು ಹೇಗೆ? ನಿನಗೆ ನಿಜವಾಗಿಯೂ ಗೊತ್ತಿರುವ ಯಾರಾದರೂ ಬ್ರಿಗೇಡಿಯರ್ ಇದ್ದಾರೆಯೇ? ಸೆಪ್ಟೆಂಬರಿನಲ್ಲಿ ನಿಕಾಹ್ ಎಂದು ಮಾತಾಯಿತು. ಹುಡುಗಿಯ ಪರವಾಗಿ ಕೂತು ಹುಡುಗನ ಕೈ ಹಿಡಿಯುವವರು ಸೋದರಮಾವನೇ ಆಗಬೇಕು ಎಂದು ಹಾಜಿಯ ಹಠ. ನಿಹಾಲ್ ಅಪ್ಪ ಹೋದ ಮೇಲೆ ಮೊದಲ ಸಲ ಅಡುಗೆಮನೆಯಲ್ಲಿ ಹಾಡು ಗುನುಗಿದಳು. ನನಗೆ ಕೇಳಿಸಲಿಲ್ಲ, ತುಟಿ ಆಡುವುದು ಕಾಣಿಸಿತು.

ಬೇಗ ಬರೆ. ಏನು ಮಾಡೋಣ?

ಇನ್ಶಿರಾ


ಕೈರೊ
ಏಪ್ರಿಲ್ 23, 2025

ಅಕ್ಕ,

ಕುರ್ಚಿಯ ಮೇಲೆ ಕೂತು ಓದು. ಕೀಲು ಗಟ್ಟಿಯಿದೆಯೋ ನೋಡಿಕೊ.

ಆ ಪ್ರಕಟಣೆಯನ್ನು ನಾನು ಬರೆದದ್ದಲ್ಲ, ಉಸ್ತಾದ್ ಬರೆದದ್ದು. ನಾನು ಹೆಸರುಗಳ ಪಟ್ಟಿ ಮಾತ್ರ ಕೊಟ್ಟೆ. ಹೆಂಡತಿ, ಮಗಳು, ದೊಡ್ಡಪ್ಪನ ಮಕ್ಕಳು ಡಾಕ್ಟರ್ ಇಂಥವರು, ಎಂಜಿನಿಯರ್ ಇಂಥವರು. 'ಹೆಂಡತಿಯ ತಮ್ಮ' ಎಂದು ಬರೆದು ಮುಂದಕ್ಕೆ ಹೋದೆ. ಹೆಸರು ಹಾಕಲಿಲ್ಲ. ಕೌಂಟರಿನಲ್ಲಿ ದಿನವೂ ಕೇಳಿ ಕೇಳಿ ಬರೆಯುವವನು ನಾನು, ನನ್ನ ಹೆಸರನ್ನು ನನ್ನ ಹತ್ತಿರ ಕೇಳುವವರು ಯಾರು? ಇದೊಂದು ಗೊತ್ತೇ ಇದೆಯಲ್ಲ ಎಂಬ ಧೈರ್ಯ. ಖಾಲಿ ಜಾಗ ಕಂಡರೆ ಉಸ್ತಾದ್‌ಗೆ ತಡೆಯುವುದಿಲ್ಲ. ನಮ್ಮ ಮನೆತನದ ಹೆಸರು ನಿನ್ನ ಹೆಸರಿನಿಂದ ತೆಗೆದುಕೊಂಡ. ಡಾಕ್ಟರ್, ಎಂಜಿನಿಯರ್ ಆದ ಮೇಲೆ ಸಾಮಾನ್ಯವಾಗಿ ಏನು ಬರುತ್ತದೋ ಅದನ್ನು ಹಾಕಿದ. ಅಷ್ಟೇ. ಅದರಲ್ಲಿ ಮೋಸವಿಲ್ಲ, ತ್ಯಾಗವೂ ಇಲ್ಲ. ಬ್ರಿಗೇಡಿಯರ್ ಶುಕ್ರಿ ಎಂದರೆ ನಾನು, ನನ್ನ ಹೆಸರು ಬಿಟ್ಟುಹೋದ ಜಾಗ.

ನನ್ನನ್ನು ಕ್ಷಮಿಸು. ಮೊದಲೇ ಹೇಳಬೇಕಿತ್ತು. ನಿನ್ನ ಕಾಗದ ಅಷ್ಟು ಪ್ರೀತಿಯಿಂದ ಬಂದಾಗ ನನಗೆ ಬಾಯಿ ಬರಲಿಲ್ಲ. ತಿದ್ದುಪಡಿ ಹಾಕಿಸಲೇ? ಹಾಕಿದರೆ ನಿಹಾಲ್‌ಳ ನಿಕಾಹ್ ಕೆಡುತ್ತದೋ ಎಂಬ ಭಯ. ಹಾಕದಿದ್ದರೆ ನಾನು ಯಾರು ಎಂಬ ಗೊಂದಲ.

ವಗ್ದಿ


ದಮಿಯೆತ್ತಾ
ಮೇ 5, 2025

ವಗ್ದಿಗೆ,

ನಿನ್ನ ಕಾಗದವನ್ನು ನಾನು ನಂಬುವುದಿಲ್ಲ. 'ನನ್ನನ್ನು ಕ್ಷಮಿಸು' ಎಂಬ ಮಾತು ಅದರಲ್ಲಿದೆ. ನೀನು ಹುಟ್ಟಿದಾಗಿನಿಂದ ಕ್ಷಮೆ ಕೇಳಿದವನಲ್ಲ. ಪಾರಿವಾಳದ ಗೂಡಿಗೆ ಬೆಂಕಿ ಹಚ್ಚಿ 'ಪಾರಿವಾಳಕ್ಕೆ ಚಳಿಯಾಗಿತ್ತು' ಅಂದವನು. ಹಾಗಾದರೆ ಪ್ರಕಟಣೆ ನಿನ್ನದು, ಈ ಕ್ಷಮಾಪಣೆಯೇ ಯಂತ್ರದ್ದು. ಅಥವಾ ಎರಡೂ ಅದರದ್ದೇ. ಯಾವ ಸಾಲಿನಲ್ಲಿ ತಮ್ಮನಿದ್ದಾನೆ, ಯಾವ ಸಾಲಿನಲ್ಲಿ ಯಂತ್ರವಿದೆ ಎಂದು ಹುಡುಕಿ ತಲೆನೋವು ಬಂತು. ಮಕ್ಕಳು ಕಾಪಿ ಹೊಡೆದರೆ ಉಸಿರಾಟದಿಂದಲೇ ಹಿಡಿಯುತ್ತಿದ್ದೆ. ಕಾಗದ ಉಸಿರಾಡುವುದಿಲ್ಲ.

ಅದೇನೇ ಇರಲಿ. ನಾನು ಒಂದು ದಾರಿ ನೋಡಿದ್ದೇನೆ. ಬ್ರಿಗೇಡಿಯರ್ ಕುವೈತಿನಲ್ಲಿದ್ದಾರೆ, ಬರಲಾಗುವುದಿಲ್ಲ ಎನ್ನುತ್ತೇನೆ. ಹುಡುಗಿಯ ಪರವಾಗಿ ಕೆಳಮನೆಯ ಮೇಷ್ಟ್ರು ಕೂರುತ್ತಾರೆ. ನೀನು ಬರಲೇಬೇಕು, ಆದರೆ ಪತ್ರಿಕೆಯಲ್ಲಿ ಕೆಲಸ ಮಾಡುವ ದೂರದ ಸಂಬಂಧಿ ಎಂದು ಹೇಳೋಣ. ನೀನು ಕೂತರೆ ನಿಕಾಹ್ ಬರೆಯುವವರು ಗುರುತಿನ ಚೀಟಿ ನೋಡಿ ಹೆಸರು, ಉದ್ಯೋಗ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾರೆ. 'ಗುಮಾಸ್ತ' ಎಂದು ಓದಿದರೆ ಹಾಜಿಯ ಮುಖ ಏನಾಗಬೇಕು?

ಇನ್ಶಿರಾ ಬನ್ಹಾವಿ


ಕೈರೊ
ಜೂನ್ 19, 2025

ಇನ್ಶಿರಾ ಅಕ್ಕ,

ಉತ್ತರ ತಡವಾಯಿತು. ಬಕ್ರೀದಿನ ದಿನ ನಿನಗೆ ಶುಭಾಶಯವನ್ನೂ ಬರೆಯಲಿಲ್ಲ. ದೂರದ ಸಂಬಂಧಿಗಳು ಬರೆಯಬೇಕೋ ಬೇಡವೋ ತಿಳಿಯಲಿಲ್ಲ.

ಏನು ಮಾಡಲಿ ಎಂದು ಉಸ್ತಾದ್‌ನನ್ನೇ ಕೇಳಿದೆ. 'ನಿಮ್ಮ ಭಾವನೆಗಳು ಸಹಜ' ಎಂದು ಶುರು ಮಾಡಿದ. ಸತ್ಯ ಹೇಳುವುದರ ಅನುಕೂಲಗಳು ಒಂದು ಕಡೆ, ಅನಾನುಕೂಲಗಳು ಇನ್ನೊಂದು ಕಡೆ, ತಕ್ಕಡಿಯಲ್ಲಿ ಈರುಳ್ಳಿ ತೂಗಿದಂತೆ. ಕೊನೆಯಲ್ಲಿ ಬ್ರಿಗೇಡಿಯರರ ಪರವಾಗಿ ಒಂದು ಶುಭಾಶಯ ಪತ್ರ ಬರೆದುಕೊಡಲೇ ಎಂದು ಕೇಳಿದ. ಬೇಡವೆನ್ನುವ ಮೊದಲೇ ಬರೆದೇಬಿಟ್ಟ. ಓದಿದೆ. ಅಕ್ಕ, ಆ ಬ್ರಿಗೇಡಿಯರ್ ನನಗಿಂತ ಒಳ್ಳೆಯ ತಮ್ಮ. ನಿನ್ನ ಮಂಡಿನೋವು ವಿಚಾರಿಸುತ್ತಾನೆ. ನಾನು ಒಮ್ಮೆಯೂ ವಿಚಾರಿಸಿಲ್ಲ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು.

ಒಂದು ಮಾತು ಬಾಕಿಯಿದೆ. ಭಾವನ ಪ್ರಕಟಣೆಯನ್ನು ನಾನೇ ಬರೆಯಬೇಕೆಂದು ಆ ದಿನ ನಿಜವಾಗಿಯೂ ಕೂತಿದ್ದೆ. ಬರಲಿಲ್ಲ. ಕೈಗೆ ಬಂದ ಪ್ರತಿ ಮಾತನ್ನೂ ಹಿಂದೆ ಯಾರಿಗೋ ಬರೆದು ಕೊಟ್ಟಾಗಿತ್ತು. 'ದಯಾಳು' ಎಂಬುದನ್ನು ಸಿಮೆಂಟ್ ವ್ಯಾಪಾರಿಗೆ ಕೊಟ್ಟಿದ್ದೆ, 'ಹಸನ್ಮುಖಿ' ಎಂಬುದನ್ನು ಒಬ್ಬ ನ್ಯಾಯಾಧೀಶರಿಗೆ, ಅವರು ನಕ್ಕದ್ದನ್ನು ನೋಡಿದವರಿಲ್ಲ. ಭಾವ ಕೈರೊಗೆ ಬಂದಾಗಲೆಲ್ಲ ಬಿಳಿ ಚೀಸಿನ ಡಬ್ಬಿ ತಂದು, ನನ್ನ ಸೋಫಾದಲ್ಲಿ ಕಾಲು ಹೊರಚಾಚಿ ಮಲಗಿ, ಬೆಳಿಗ್ಗೆ ಎದ್ದು ನನ್ನ ಬೂಟಿಗೂ ಪಾಲಿಶ್ ಹಾಕಿಟ್ಟು ಹೋಗುತ್ತಿದ್ದರು. ಅದಕ್ಕೆ ನಮ್ಮ ಪುಟದಲ್ಲಿ ಮಾತಿಲ್ಲ. ಬಸ್ಸಿಗೆ ಹೊತ್ತಾಯಿತು, ಉಸ್ತಾದ್‌ಗೆ ಕೊಟ್ಟು ಎದ್ದೆ.

ಕೆಳಮನೆಯ ಮೇಷ್ಟ್ರು ಕೂರಲಿ. ನಾನು ಹಿಂದಿನ ಸಾಲಿನಲ್ಲಿರುತ್ತೇನೆ. ಊಟಕ್ಕೆ ಬಾತುಕೋಳಿ ಮಾಡುತ್ತೀಯಾದರೆ ಉಪ್ಪು ಕಡಿಮೆ ಹಾಕು. ನಿನ್ನ ಮದುವೆಯಾದಾಗಿನಿಂದ ಅದು ಉಪ್ಪುಪ್ಪು. ಭಾವ ಪಾಪ ಹೇಳುತ್ತಿರಲಿಲ್ಲ.

ವಗ್ದಿ


ದಮಿಯೆತ್ತಾ
ಜುಲೈ 8, 2025

ಲೋ ವಗ್ದಿ,

ಇದು ನೀನೇ. ನನ್ನ ಬಾತುಕೋಳಿ ಉಪ್ಪು ಎನ್ನುವ ಧೈರ್ಯ ಯಾವ ಯಂತ್ರಕ್ಕೂ ಇಲ್ಲ. ಅವು ಎಲ್ಲರನ್ನೂ ಹೊಗಳುತ್ತವೆಂದು ನಿಹಾಲ್ ಹೇಳುತ್ತಾಳೆ. ಓದಿ ಸಿಟ್ಟಿನಿಂದ ನಕ್ಕೆ. ಬೂಟಿನ ಮಾತು ಬಂದಲ್ಲಿ ಕಾಗದ ಮಡಚಿಟ್ಟು ಒಳಗೆ ಹೋದೆ. ಅದು ನನಗೂ ಗೊತ್ತಿರಲಿಲ್ಲ.

ನಿನ್ನನ್ನು ದೂರದ ಸಂಬಂಧಿ ಎಂದು ಬರೆದ ಕೈಗೆ ನಾನೇ ಸೊನ್ನೆ ಕೊಟ್ಟಿದ್ದೇನೆ. ಗಂಡ ಹೋದವಳು ಮನೆಯಲ್ಲೇ ಕಳೆಯಬೇಕಾದ ಇದ್ದತ್ ಅವಧಿ ಮುಗಿದ ಮೇಲೂ ಎಲ್ಲಿಗೂ ಹೊರಗೆ ಹೋಗಿರಲಿಲ್ಲ. ಮೊದಲು ಹೋದದ್ದು ಹಾಜಿ ಬದರಾನ್‌ರ ಕಾರ್ಖಾನೆಗೆ. ನಿಕಾಹ್ ನಿಂತರೆ ನಿಲ್ಲಲಿ ಎಂದು ನಿಹಾಲ್‌ಳೂ ಹೇಳಿದಳು, ಹೇಳಿ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮರದ ಪುಡಿಯ ನಡುವೆ ನಿಂತು ಹಾಜಿಗೆ ನೇರವಾಗಿ ಹೇಳಿದೆ: ನನ್ನ ತಮ್ಮ ಬ್ರಿಗೇಡಿಯರ್ ಅಲ್ಲ. ಶುಕ್ರಿ ಎಂಬ ಮನುಷ್ಯನೇ ಇಲ್ಲ. ತಮ್ಮನ ಹೆಸರು ವಗ್ದಿ, ಪತ್ರಿಕೆಯಲ್ಲಿ ಮರಣ ಪ್ರಕಟಣೆ ಬರೆಯುವ ಗುಮಾಸ್ತ.

ಹಾಜಿ ಗರಗಸ ನಿಲ್ಲಿಸಿದರು. ಕೆಲಸದವರನ್ನು ಹೊರಗೆ ಕಳಿಸಿದರು. ಬಾಗಿಲು ಹಾಕಿ ಬಂದು, ನನಗೆ ಕೇಳಲಿ ಎಂದು ಕಿವಿಯ ಹತ್ತಿರ ಬಾಗಿ ಹೇಳಿದರು:

'ಅರ್ಥ ಆಯ್ತು ಟೀಚರಮ್ಮಾ. ಇನ್ನು ಯಾರ ಹತ್ರನೂ ಬಾಯಿ ಬಿಡ್ಬೇಡಿ.'

ಏನು ಅರ್ಥವಾಯಿತು ಎಂದೆ.

'ಗುಪ್ತ ಇಲಾಖೆಯೋರ್ನ ಸರ್ಕಾರ ಎಲ್ಲಿ ಕೂರಿಸುತ್ತೆ ಅಂತ ನಂಗೆ ಗೊತ್ತಿಲ್ವಾ? ದೇಶದಲ್ಲಿ ಯಾರು ಸತ್ರು, ಯಾರಿಗೆ ಯಾರು ಸಂಬಂಧ, ಯಾರ್ ಹೆಸ್ರು ಬಿಟ್ಟೋಯ್ತು, ಎಲ್ಲ ಮೊದ್ಲು ಅವ್ರ ಮೇಜಿಗೇ ಬರುತ್ತೆ. ಗುಮಾಸ್ತ ಅಂತೆ. ಶುಕ್ರಿ ಅನ್ನೋದೂ ನಿಜವಾದ ಹೆಸ್ರಲ್ಲ ಅಂತ ಇಸ್ಮಾಯಿಲಿಯಾದಲ್ಲೇ ನಂಗೆ ಅನುಮಾನ ಇತ್ತು.'

ಹೇಳಬೇಕಾದ ಸತ್ಯವನ್ನೆಲ್ಲ ಹೇಳಿಯಾಯಿತು ವಗ್ದಿ. ಅದು ಸುಳ್ಳಿಗಿಂತ ಗಟ್ಟಿಯಾದ ಸುಳ್ಳಾಗಿ ಹೊರಗೆ ಬಂತು. ನಾನು ಮತ್ತೆ ಹೇಳಿದಷ್ಟೂ ಅವರು ಮತ್ತಷ್ಟು ಗೌರವದಿಂದ ತಲೆಯಾಡಿಸಿದರು. ಪುಣ್ಯಕ್ಕೆ ಹಾತಿಮ್‌ಗೆ ನಿಹಾಲ್ ಎಲ್ಲವನ್ನೂ ಹೇಳಿದ್ದಾಳೆ. ಅವನು ಹೊಟ್ಟೆ ಹಿಡಿದು ನಕ್ಕನಂತೆ. ಅಪ್ಪ ಇಸ್ಮಾಯಿಲಿಯಾಕ್ಕೆ ಹೋದದ್ದೇ ಇಲ್ಲವಂತೆ.

ಸೆಪ್ಟೆಂಬರಿಗೆ ಬಾ. ಹುಡುಗಿಯ ಪರವಾಗಿ ನೀನೇ ಕೂರಬೇಕು. ಬರುವಾಗ ಬೂಟಿಗೆ ಪಾಲಿಶ್ ಹಾಕಿಸಿಕೊಂಡು ಬಾ, ಈಗ ಹಾಕಿಕೊಡುವವರಿಲ್ಲ.

ಅಕ್ಕ


ಕೈರೊ
ಸೆಪ್ಟೆಂಬರ್ 21, 2025

ಪ್ರೀತಿಯ ಅಕ್ಕ,

ನಿಕಾಹ್‌ನಲ್ಲಿ ನೀನು ಹೆಂಗಸರ ಕೋಣೆಯಲ್ಲಿದ್ದೆ. ಆದ್ದರಿಂದ ಈ ವರದಿ.

ಹಾತಿಮ್‌ನ ಕೈ ನನ್ನ ಕೈಯಲ್ಲಿತ್ತು, ಮೇಲೆ ಬಿಳಿ ಕರವಸ್ತ್ರ. ಯಾರ ಕೈ ಬೆವರುತ್ತಿತ್ತೋ ತಿಳಿಯಲಿಲ್ಲ, ಕರವಸ್ತ್ರವಂತೂ ಒದ್ದೆಯಾಯಿತು. ನಿಕಾಹ್ ಬರೆಯುವವರು ನನ್ನ ಚೀಟಿಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು: 'ವಗ್ದಿ ಬನ್ಹಾವಿ. ಉದ್ಯೋಗ, ಪತ್ರಿಕೆಯಲ್ಲಿ ಗುಮಾಸ್ತ.' ಹಾಜಿ ನನ್ನ ಕಡೆ ನೋಡಿ ನಿಧಾನವಾಗಿ ಒಂದು ಕಣ್ಣು ಮುಚ್ಚಿದರು. ಅವರ ಹಿಂದಿನ ಸಾಲಿನ ಬಡಗಿಗಳೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು. ಆಮೇಲೆ ಸಿಹಿ ಹಂಚುವಾಗ ಒಬ್ಬ ಮುದುಕ ನನಗೆ ಸಲ್ಯೂಟ್ ಹೊಡೆದ. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು, ನಿನ್ನಾಣೆ ನಾನು ಎತ್ತಿದ್ದಲ್ಲ. ನನ್ನ ಬದುಕಿನಲ್ಲಿ ಇಷ್ಟು ಸತ್ಯವನ್ನು ಇಷ್ಟು ಜನರ ಮುಂದೆ ಯಾರೂ ಓದಿರಲಿಲ್ಲ. ಒಬ್ಬರೂ ನಂಬಲಿಲ್ಲ.

ಬಾತುಕೋಳಿಗೆ ಉಪ್ಪು ಸರಿಯಾಗಿತ್ತು. ನನಗೇಕೋ ಸಪ್ಪೆ ಅನ್ನಿಸಿತು.

ಕಚೇರಿಯಲ್ಲಿ ಕೌಂಟರಿನ ಇಬ್ಬರನ್ನು ಬೇರೆ ವಿಭಾಗಕ್ಕೆ ಹಾಕಿದರು. ಉಸ್ತಾದ್ ಇದ್ದಾನಲ್ಲ. ನನ್ನನ್ನು ಉಳಿಸಿಕೊಂಡಿದ್ದಾರೆ, ಅವನು ಬರೆದದ್ದರಲ್ಲಿ ಇಲ್ಲದವರು ಯಾರಾದರೂ ಇದ್ದಾರೆಯೇ ಎಂದು ನೋಡಲು. ಈ ಕೆಲಸಕ್ಕೆ ನನಗಿಂತ ಅನುಭವಿಗಳು ಸಿಗಲಾರರು ಎಂದು ಸಂಪಾದಕರೇ ಒಪ್ಪಿದರು. ಸಂಜೆ ಬೇಗ ಮನೆಗೆ ಬರುತ್ತೇನೆ. ಬಂದು ಏನು ಮಾಡಬೇಕೆಂದು ತಿಳಿಯದೆ ನಿನಗೆ ಕಾಗದ ಬರೆಯುತ್ತೇನೆ. ನಿನ್ನ ಮಂಡಿನೋವು ಹೇಗಿದೆ?

ವಗ್ದಿ


ಕೈರೊ
ಜನವರಿ 22, 2026

ಅಕ್ಕ,

ಭಾವ ಹೋಗಿ ವರ್ಷ ತುಂಬುತ್ತದೆ. ವಾರ್ಷಿಕ ಸ್ಮರಣೆಯ ಪ್ರಕಟಣೆಯನ್ನು ನಾನೇ ಬರೆದೆ, ಈ ಸಲ ನಿಜವಾಗಿಯೂ. ಮೂರು ಸಂಜೆ ಹಿಡಿಯಿತು. ಉಸ್ತಾದ್ ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ಭಾವನಿಗೆ ನಗು, ಬೆಳಕು, ತೆರೆದ ಬಾಗಿಲು ಯಾವುದನ್ನೂ ಹಾಕಿಲ್ಲ. 'ಅತಿಥಿಯಾಗಿ ಹೋದ ಮನೆಯವರ ಬೂಟಿಗೂ ಪಾಲಿಶ್ ಹಾಕುತ್ತಿದ್ದವರು' ಎಂದು ಬರೆದಿದ್ದೇನೆ. ಸಂಪಾದಕರು ಓದಿ, ಇದು ಹೊಗಳಿಕೆಯೋ ದೂರೋ ಎಂದು ಕೇಳಿದರು. ನನಗೂ ಗೊತ್ತಿಲ್ಲ, ಇರಲಿ ಬಿಡಿ ಎಂದೆ.

ಕೊನೆಯ ಸಾಲಿನಲ್ಲಿ ನನ್ನ ಹೆಸರಿದೆ. ಹಿಂದೆ ಮುಂದೆ ಏನೂ ಇಲ್ಲದೆ ತೆಳ್ಳಗೆ ಕಾಣುತ್ತದೆ. ಅಚ್ಚಿಗೆ ಹಾಕುವಾಗ ಉಸ್ತಾದ್ ಕೇಳಿದ, ಈ ಹೆಸರಿಗೆ ಯಾವುದಾದರೂ ಪದವಿ ಸೇರಿಸಲೇ ಎಂದು. ಬೇಡ ಎಂದೆ. ಎರಡನೆಯ ಸಲವೂ ಕೇಳಿದ. ಎರಡನೆಯ ಸಲವೂ ಬೇಡ ಎಂದೆ.

ವಗ್ದಿ


ದಮಿಯೆತ್ತಾ
ಜನವರಿ 30, 2026

ವಗ್ದಿ,

ಪತ್ರಿಕೆ ಬಂತು. ನಿನ್ನ ಹೆಸರಿನ ಮೇಲೆ ಬೆರಳಿಟ್ಟೆ, ಶಾಯಿ ಬೆರಳಿಗೆ ಹತ್ತಿತು. ಅದೇ ಕೈಯಲ್ಲಿ ಹಿಟ್ಟು ಕಲಸಿದೆ, ರೊಟ್ಟಿಯ ಮೇಲೂ ನೀನು ಸ್ವಲ್ಪ ಬಂದೆ.

ಒಂದು ಅಲ್ಪವಿರಾಮ ತಪ್ಪಿದೆ. ಬೂಟಿನ ಸಾಲಿನಲ್ಲಿ. ತಿದ್ದಲಿಲ್ಲ.

ಸಂಜೆ ಹಾಜಿ ಬದರಾನ್ ಪತ್ರಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದರು. ನಿಹಾಲ್, ಹಾತಿಮ್ ಇಬ್ಬರೂ ಇದ್ದರು. ಕೂತವರು ಪ್ರಕಟಣೆಯ ಕೊನೆಯ ಸಾಲನ್ನು ಉಗುರಿನಿಂದ ಮುಟ್ಟಿ ತೋರಿಸಿದರು. ಪದವಿಯಿಲ್ಲ, ಗುಮಾಸ್ತ ಎಂದು ಕೂಡ ಇಲ್ಲ, ಬರಿಯ ಹೆಸರು. ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಮೆಚ್ಚಿಕೆಯಿಂದ ಹೇಳಿದರು:

'ಬಡ್ತಿ ಸಿಕ್ಕಿದೆ ಅನ್ಸುತ್ತೆ.'

ನಿನ್ನ ಅಕ್ಕ